ಹದಿಮೂರು ಬೈ ಎರಡು

ಸೋಮವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಪರದೆಯ ಮೇಲೆ ಕೆಂಪು ಅಕ್ಷರದ ಒಂದು ಸಾಲು ಬಂತು: ಈ ಮನೆ ಸಂಖ್ಯೆಗೆ ಈಗಾಗಲೇ ಕಾರ್ಡ್ ಇದೆ.

ಓದೆಲು ಮೇಜಿನ ಆಚೆ ಕೂತು ನನ್ನ ಮುಖ ನೋಡುತ್ತಿದ್ದರು. ಪರದೆ ಅವರ ಕಡೆಗೆ ತಿರುಗಿಲ್ಲ. ಸೇವಾ ಕೇಂದ್ರಕ್ಕೆ ಬರುವವರೆಲ್ಲ ನನ್ನ ಮುಖವನ್ನೇ ಓದುತ್ತಾರೆ. ಅವರ ಹೆಂಡತಿ ಕೊಮುರಮ್ಮ ಬಾಗಿಲ ಹತ್ತಿರದ ಬೆಂಚಿನಲ್ಲಿ ಗಾಳಿಗೆ ಮುಖವೊಡ್ಡಿ ಕೂತಿದ್ದರು. ರಸ್ತೆಯಿಂದ ನನ್ನ ಕೇಂದ್ರಕ್ಕೆ ಮೂರು ಮೆಟ್ಟಿಲು. ಆ ಮೂರು ಮೆಟ್ಟಿಲು ಹತ್ತಿದ್ದಕ್ಕೆ ಅವರ ಉಸಿರು ಹದಕ್ಕೆ ಬರಲು ಹತ್ತು ನಿಮಿಷ ಹಿಡಿದಿತ್ತು.

"ಏನಂತೆ?" ಓದೆಲು ಕೇಳಿದರು.

"ನಿಮ್ಮ ಮನೆಗೆ ಕಾರ್ಡ್ ಇದೆ ಅಂತಿದೆ."

"ಇದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ವಿ ಬಿಡ್ಡಾ?"

ನಮ್ಮ ಕಡೆ ಬಿಡ್ಡಾ ಎಂದರೆ ಮಗು. ಅವರು ಹೇಳಿದ್ದೂ ನಿಜವೇ. ನಲವತ್ತು ವರ್ಷ ಜಮಖಾನೆ ನೇಯ್ದ ಮನುಷ್ಯ. ಆಸ್ಪತ್ರೆಯ ಕಡೆ ಹೋದವರಲ್ಲ, ಹಾಗಾಗಿ ಆರೋಗ್ಯ ಕಾರ್ಡ್ ಮಾಡಿಸುವ ಗೊಡವೆಗೂ ಹೋಗಿರಲಿಲ್ಲ. ಈಗ ಕೊಮುರಮ್ಮನ ಹೃದಯದ ಒಂದು ಕವಾಟ ಮುಚ್ಚಿಕೊಳ್ಳುತ್ತಿರಲಿಲ್ಲ. ಹನುಮಕೊಂಡದ ಆಸ್ಪತ್ರೆಯಲ್ಲಿ ಶುಕ್ರವಾರಕ್ಕೆ ಆಪರೇಷನ್ ಗೊತ್ತಾಗಿತ್ತು. ಬುಧವಾರ ಸಂಜೆ ಐದರೊಳಗೆ ಕಾರ್ಡಿನ ಸಂಖ್ಯೆ ಅಲ್ಲಿನ ಕೌಂಟರಿಗೆ ತಲುಪದಿದ್ದರೆ ಆ ದಿನ ಪಟ್ಟಿಯಲ್ಲಿ ನಂತರದವರಿಗೆ ಹೋಗುತ್ತದೆ. ಮತ್ತೆ ಸರದಿ ಬರುವುದು ಏಳು ವಾರಕ್ಕೆ. ಡಾಕ್ಟರು ಚೀಟಿಯಲ್ಲಿ 'ತಡ ಮಾಡುವಂತಿಲ್ಲ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

ಮನೆ ತೆರಿಗೆ ರಸೀದಿ ತೆಗೆದು ಮತ್ತೊಮ್ಮೆ ನೋಡಿದೆ. 6-1-132. ಆರನೇ ವಾರ್ಡು, ಒಂದನೇ ಬ್ಲಾಕು, ನೂರ ಮೂವತ್ತೆರಡನೇ ಮನೆ. ನಮ್ಮ ವರಂಗಲ್ಲಿನಲ್ಲಿ ಬಾಗಿಲ ಮೇಲೆ ಬಣ್ಣದಲ್ಲಿ ಬರೆಯುವುದೂ ಹೀಗೆಯೇ. ಆದರೆ ಕಾರ್ಡಿನ ಅರ್ಜಿಯಲ್ಲಿ ಮನೆ ಸಂಖ್ಯೆಯ ಜಾಗ ಅಂಕಿಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ಅಡ್ಡಗೆರೆಯ ಕೀಲಿ ಒತ್ತಿದರೆ ಏನೂ ಆಗುವುದಿಲ್ಲ. ತಪ್ಪು ಎಂದು ಸಹ ಹೇಳುವುದಿಲ್ಲ. ಮಿಣುಕುವ ಕಡ್ಡಿ ನಿಂತಲ್ಲೇ ನಿಂತಿರುತ್ತದೆ. ಹಾಗಾಗಿ ನಾನು 61132 ಎಂದು ಹೊಡೆದಿದ್ದೆ. ಎರಡೂವರೆ ವರ್ಷದಿಂದ ಎಲ್ಲರಿಗೂ ಹಾಗೆಯೇ ಹೊಡೆಯುತ್ತಿದ್ದೇನೆ.

ಮೊದಲೇ ಕಾರ್ಡ್ ಪಡೆದವರ ಹೆಸರನ್ನು ಪರದೆ ಪೂರ್ತಿ ತೋರಿಸುವುದಿಲ್ಲ. 'ಗ' ಅಕ್ಷರ, ಆಮೇಲೆ ಐದು ನಕ್ಷತ್ರ. ಫೋನಿನ ಕೊನೆಯ ನಾಲ್ಕು ಅಂಕಿ.

ಹಳೇ ರಸೀದಿಯೊಂದರ ಹಿಂದೆ 61132 ಎಂದು ಬರೆದು, ಗೆರೆಗಳನ್ನು ಬೇರೆ ಬೇರೆ ಕಡೆ ಹಾಕಿ ನೋಡಿದೆ. 6-11-32 ಆಗಬಹುದು. ಆದರೆ ಆರನೇ ವಾರ್ಡಿನಲ್ಲಿ ಇರುವುದೇ ಒಂಬತ್ತು ಬ್ಲಾಕು. ಉಳಿದದ್ದು ಒಂದೇ: 6-1-13/2. ಅಣ್ಣತಮ್ಮಂದಿರು ಪಾಲಾಗಿ ಮನೆಯ ನಡುವೆ ಗೋಡೆ ಎದ್ದರೆ ನಗರಸಭೆಯವರು ಸಂಖ್ಯೆಗೆ ಒಂದು ಓರೆಗೆರೆ ಸೇರಿಸಿ ಒಂದು, ಎರಡು ಎಂದು ಬರೆಯುತ್ತಾರೆ. ಹದಿಮೂರನೇ ಮನೆ ಹಾಗೆ ಹದಿಮೂರು ಬೈ ಒಂದು, ಹದಿಮೂರು ಬೈ ಎರಡು ಆಗಿದೆ. ಓರೆಗೆರೆ ಬಿಟ್ಟರೆ ಹದಿಮೂರು ಬೈ ಎರಡೂ ನೂರ ಮೂವತ್ತೆರಡೂ ಒಂದೇ ಮನೆ.

ಸಹಾಯವಾಣಿಗೆ ಫೋನ್ ಮಾಡಿದೆ. ಇಪ್ಪತ್ತೆರಡು ನಿಮಿಷ ಕಾದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಆ ಜಾಗದಲ್ಲಿ ಅಂಕಿ ಮಾತ್ರ ತಗೊಳ್ಳುತ್ತೆ ಮೇಡಂ."

"ಅದು ನನಗೂ ಗೊತ್ತು ತಾಯಿ. ಗೆರೆ ಯಾಕೆ ತಗೊಳ್ಳಲ್ಲ ಅಂತ ಕೇಳ್ತಿದೀನಿ."

"ಸೇವಾ ಕೇಂದ್ರದವರೇ ಕೇಳ್ಕೊಂಡಿದ್ದು ಮೇಡಂ. ನಿಮ್ಮ ಜಿಲ್ಲೆಯಿಂದಲೇ ಪತ್ರ ಬಂದಿದೆ. ಫೈಲಲ್ಲಿದೆ, ಓದ್ಲಾ?"

"ಬೇಡ," ಎಂದೆ.

ಓದಿಸಿಕೊಳ್ಳುವ ಅಗತ್ಯವಿರಲಿಲ್ಲ. ಆ ಪತ್ರ ಬರೆದವಳು ನಾನು. ಈ ಕೆಲಸಕ್ಕೆ ಬರುವ ಮೊದಲು ಆರು ವರ್ಷ ಒಂದು ದಿನಪತ್ರಿಕೆಗೆ ಊರಿನ ಸುದ್ದಿ ಕಳಿಸುತ್ತಿದ್ದೆ. ಹಾಗಾಗಿ ನಮ್ಮ ಹನ್ನೆರಡು ಕೇಂದ್ರದವರಲ್ಲಿ ಪತ್ರ ಬರೆಯುವ ಕೆಲಸ ನನಗೇ ಗಂಟುಬಿದ್ದಿತ್ತು. ಆಗ ಮನೆ ಸಂಖ್ಯೆಯ ಜಾಗದಲ್ಲಿ ಏನು ಬೇಕಾದರೂ ಬರೆಯಬಹುದಾಗಿತ್ತು. ಜನ ಹೇಳಿದ್ದನ್ನು ನಾವು ಹೊಡೆಯುತ್ತಿದ್ದೆವು: ಪೋಚಮ್ಮನ ಗುಡಿ ಎದುರು, ಹುಣಸೆಮರದ ಹಿಂದೆ, ಹಳೇ ಅಕ್ಕಿ ಗಿರಣಿ ಸಂದಿ. ಮೇಲಿನವರು ಅಂಥ ಅರ್ಜಿ ವಾಪಸ್ ಕಳಿಸುತ್ತಿದ್ದರು. ನೂರು ಅರ್ಜಿ ವಾಪಸ್ ಬಂದರೆ ಕೇಂದ್ರ ಒಂದು ವಾರ ಬಂದ್. 'ಸದರಿ ಜಾಗದಲ್ಲಿ ಅಂಕಿಗಳ ಹೊರತು ಬೇರೇನನ್ನೂ ಒಪ್ಪಿಕೊಳ್ಳದಂತೆ ಮಾಡಬೇಕೆಂದು ಕೋರುತ್ತೇವೆ' ಎಂದು ಬರೆದೆ. ಕೋರಿದ ಹದಿನೈದು ದಿನಕ್ಕೆ ಮಾಡಿಕೊಟ್ಟರು. ಆ ಕಚೇರಿ ಅಷ್ಟು ಬೇಗ ಮಾಡಿದ ಕೆಲಸ ಅದೊಂದೇ. ಅಂದು ಕೇಂದ್ರದಲ್ಲಿ ಎಲ್ಲರಿಗೂ ಚಹಾ ತರಿಸಿದ್ದೆ. ಬಾಗಿಲ ಮೇಲಿನ ಗೆರೆಗಳು ನಮ್ಮ ಯಾರ ತಲೆಗೂ ಬರಲಿಲ್ಲ. ಬಾಯಲ್ಲಿ ಅವನ್ನು ಹೇಳುವ ಅಭ್ಯಾಸ ಅರ್ಧ ಊರಿಗೆ ಇಲ್ಲ. ಆರು ಒಂದು ನೂರ ಮೂವತ್ತೆರಡು ಎಂದರೆ ಟಪಾಲಿನವನಿಗೂ ತಿಳಿಯುತ್ತದೆ.

ಜಿಲ್ಲೆಯ ಸಂಯೋಜಕ ಭೂಪತಿಯವರಿಗೆ ಫೋನ್ ಮಾಡಿದೆ.

"ಸ್ವರೂಪಮ್ಮ, ಇಂಥವು ನನ್ನ ಹತ್ರ ಮುನ್ನೂರ ನಲವತ್ತು ಬಿದ್ದಿವೆ," ಎಂದರು. ಅವರ ಧ್ವನಿ ನನ್ನದಕ್ಕಿಂತ ದಣಿದಿತ್ತು. "ಅರ್ಜಿ ಹಾಕಿ. ಹದಿನೈದು ಕೆಲಸದ ದಿನ ಆಗುತ್ತೆ."

"ಬುಧವಾರ ಬೇಕು ಸರ್. ಹೃದಯದ ಆಪರೇಷನ್."

"ಎಲ್ಲಾರದ್ದೂ ಯಾವುದೋ ಒಂದು ಆಪರೇಷನ್ನೇ ಅಮ್ಮ."

"ಗೆರೆ ಇರೋ ಕಡೆ ಸೊನ್ನೆ ಹಾಕ್ಲಾ?"

"ಹಾಕಿ ಅಂತ ನಾನು ಹೇಳಲ್ಲ. ಹೋದ ವರ್ಷ ಪಕ್ಕದ ಮಂಡಲದಲ್ಲಿ ಹಾಕಿದವರದ್ದು ಏನಾಯ್ತು, ಗೊತ್ತಲ್ಲ."

ಗೊತ್ತಿತ್ತು. ಹತ್ತೊಂಬತ್ತು ಕೇಂದ್ರ ಬಂದ್ ಆದವು. ಸೊನ್ನೆ ಹಾಕಿದ ಕಾರ್ಡುಗಳೆಲ್ಲ ಒಂದೇ ಮಧ್ಯಾಹ್ನ ರದ್ದಾದವು. ಅದರಲ್ಲಿ ಒಬ್ಬ ರೋಗಿ ಆಗ ಆಸ್ಪತ್ರೆಯ ಮಂಚದ ಮೇಲಿದ್ದ.

ಭೂಪತಿಯವರೇ ಮುಂದೆ ಹೇಳಿದರು: "ಒಂದು ದಾರಿ ಇದೆ. ಮೊದಲು ಕಾರ್ಡ್ ಪಡೆದ ಮನೆಯವರು ಅದನ್ನ ಬಿಟ್ಟು ಒಡಹುಟ್ಟಿದವರ ಕಾರ್ಡಿಗೆ ಸೇರ್ಕೊಂಡರೆ ಸಂಖ್ಯೆ ಖಾಲಿ ಆಗುತ್ತೆ. ಇವತ್ತು ಸೇರಿದರೆ ನಾಳೆ ಬೆಳಿಗ್ಗೆ ಖಾಲಿ. ಎರಡೂ ಮನೆ ಯಜಮಾನರ ಫೋನಿಗೆ ನಂಬರ್ ಬರುತ್ತೆ, ಇಬ್ಬರೂ ಒಪ್ಪಬೇಕು."

"ಯಾರೋ ಬೇರೆಯವರಿಗೋಸ್ಕರ ಅವರು ಯಾಕೆ ಬಿಡ್ತಾರೆ ಸರ್?"

"ಅದನ್ನ ಅವರನ್ನೇ ಕೇಳಬೇಕು," ಎಂದು ಫೋನಿಟ್ಟರು.

ಇದನ್ನೆಲ್ಲ ಓದೆಲುಗೆ ಹೇಳಿದೆ, ಪತ್ರದ ವಿಷಯವೊಂದನ್ನು ಬಿಟ್ಟು. ಅವರು ಬೆಂಚಿನ ಕಡೆ ತಿರುಗಿ, "ಹದಿಮೂರನೇ ಮನೆ ಯಾರದೇ?" ಎಂದು ಹೆಂಡತಿಯನ್ನು ಕೇಳಿದರು.

"ರಾಜವ್ವಕ್ಕನ ಮನೆ," ಎಂದರು ಕೊಮುರಮ್ಮ. ಒಂದು ಉಸಿರು ಎಳೆದುಕೊಂಡು, "ಐಲಯ್ಯ, ಗಟ್ಟಯ್ಯ. ಮಾತಾಡಲ್ಲ ಅವೆರಡೂ," ಎಂದರು.

ರಾಜವ್ವ ಆ ಅಣ್ಣತಮ್ಮಂದಿರ ತಾಯಿ. ಆಕೆ ಹೋಗಿ ನಾಲ್ಕು ವರ್ಷ. ಕೊಮುರಮ್ಮನದೂ ಆಕೆಯದೂ ಒಂದೇ ತವರೂರು. ರಕ್ತಸಂಬಂಧವಿಲ್ಲ, ಜಾತಿಯೂ ಬೇರೆ. ಆದರೆ ನಮ್ಮ ಕಡೆ ಒಂದೇ ಊರಿನ ಹೆಣ್ಣುಮಕ್ಕಳೆಂದರೆ ವರಸೆ ಹಿಡಿದು ಅಕ್ಕತಂಗಿಯರು. ಹಾಗಾಗಿ ರಾಜವ್ವನ ಗಂಡುಮಕ್ಕಳಿಗೆ ಕೊಮುರಮ್ಮ ಚಿನ್ನಮ್ಮ, ಅಂದರೆ ಚಿಕ್ಕಮ್ಮ.

ಮಂಗಳವಾರ ಅಮಾವಾಸ್ಯೆ. ಮೆಣಸಿನಕಾಯಿ ಮಾರುಕಟ್ಟೆಗೆ ರಜ. ಹಮಾಲಿ ಕೆಲಸದ ಗಟ್ಟಯ್ಯ ಮನೆಯಲ್ಲಿ ಸಿಗುವ ದಿನ ಅದೊಂದೇ. ಹನ್ನೊಂದಕ್ಕೆ ಕೇಂದ್ರದ ಬಾಗಿಲಿಗೆ ಬೀಗ ಹಾಕಿ, ಲ್ಯಾಪ್‌ಟಾಪು, ಬೆರಳಚ್ಚಿನ ಯಂತ್ರ ಚೀಲಕ್ಕೆ ಹಾಕಿಕೊಂಡು ಹೋದೆ. ಓದೆಲು ಕೊಮುರಮ್ಮನನ್ನು ಆಟೋದಲ್ಲಿ ಕರೆತಂದಿದ್ದರು. ಬೇಡವೆಂದರೂ ಅವರು ಬಂದಿದ್ದರು.

ಹದಿಮೂರನೇ ಮನೆಗೆ ಬೀದಿಯ ಕಡೆ ಒಂದೇ ಜಗಲಿ. ಜಗಲಿಯ ಸರಿಯಾಗಿ ನಡುವೆ ಇಟ್ಟಿಗೆಯ ಗೋಡೆ, ಎದೆಮಟ್ಟ, ಗಾರೆ ಮೆತ್ತಿಲ್ಲ. ಎಡಗಡೆಯ ಬಾಗಿಲ ಮೇಲೆ 13/1, ಬಲಗಡೆಯ ಬಾಗಿಲ ಮೇಲೆ 13/2.

ಗಟ್ಟಯ್ಯ ಬಲಗಡೆ ಜಗಲಿಯ ಮೇಲೆ ಕೂತು ಸರ್ವಪಿಂಡಿ, ಅಂದರೆ ಅಕ್ಕಿಹಿಟ್ಟಿನ ಖಾರದ ರೊಟ್ಟಿ, ತಿನ್ನುತ್ತಿದ್ದರು. ಐವತ್ತರ ಆಸುಪಾಸು. ಮೂಟೆ ಹೊತ್ತ ಹೆಗಲು ಒಂದು ಕಡೆ ತಗ್ಗಿದೆ. ಮೆಣಸಿನಕಾಯಿಯ ಘಾಟು ಗಂಟಲಿನಲ್ಲೇ ಮನೆ ಮಾಡಿದಂಥ ಕೆಮ್ಮು.

"ಬಾ ಚಿನ್ನಮ್ಮ. ಕೂರು. ಎರಡು ತುಂಡು ತಿನ್ನು."

"ಉಪ್ಪು ತಿನ್ನಬೇಡ ಅಂದವರೆ ಕೊಡಕಾ," ಎಂದರು ಕೊಮುರಮ್ಮ. ಕೊಡಕಾ ಎಂದರೆ ಮಗನೇ.

"ಹಂಗಾದ್ರೆ ವಾಸನೆ ನೋಡು. ಅದಕ್ಕೆ ಉಪ್ಪಿಲ್ಲ."

ನಾನು ವಿಷಯ ಹೇಳಿದೆ. ಕಾಗದದ ಮೇಲೆ ಎರಡು ಸಂಖ್ಯೆ ಬರೆದು, ಗೆರೆ ತೆಗೆದರೆ ಏನಾಗುತ್ತದೆಂದು ತೋರಿಸಿದೆ. ಗಟ್ಟಯ್ಯ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದರು.

"ಅಂದ್ರೆ ಕಂಪ್ಯೂಟರಿಗೆ ಈ ಗೋಡೆ ಕಾಣಲ್ಲ."

"ಕಾಣಲ್ಲ."

"ಇದನ್ನ ಎಬ್ಬಿಸೋಕೆ ಮೂರು ಪಂಚಾಯ್ತಿ ಆಗಿತ್ತು ಮೇಡಂ."

"ನೀವು ಅಣ್ಣನ ಕಾರ್ಡಿಗೆ ಸೇರಿದ್ರೆ ಈ ಸಂಖ್ಯೆ ಖಾಲಿ ಆಗುತ್ತೆ," ಎಂದೆ. "ಪೂರ್ತಿ ಕೇಳಿಸ್ಕೊಳ್ಳಿ, ಆಮೇಲೆ ಹೇಳಿ. ಒಂದು ಕಾರ್ಡಿಗೆ ವರ್ಷಕ್ಕೆ ಇಷ್ಟು ಅಂತ ಮಿತಿ ಇದೆ. ಎರಡು ಸಂಸಾರಕ್ಕೂ ಅದೇ ಆಗುತ್ತೆ. ಆರು ತಿಂಗಳು ಬೇರೆ ಆಗೋಕೆ ಬರಲ್ಲ. ಆರು ತಿಂಗಳ ಮೇಲೆ ಬೇರೆ ಕಾರ್ಡ್ ಕೇಳಿದ್ರೂ, ಈ ಗೆರೆ ಸರಿ ಮಾಡದೇ ಇದ್ರೆ, ಇವತ್ತು ಚಿನ್ನಮ್ಮಗೆ ಬಂದ ಉತ್ತರಾನೇ ನಿಮಗೆ ಬರುತ್ತೆ."

"ಸರಿ ಮಾಡ್ತಾರಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋರು ಸಿಗೋದೇ ಕಷ್ಟ," ಎಂದು ನಕ್ಕರು, ಕೆಮ್ಮಿದರು. ಬೀದಿಯಲ್ಲಿ ಈರುಳ್ಳಿಯ ಗಾಡಿಯೊಂದು ಹಾದುಹೋಯಿತು. ಓದೆಲು ಟವೆಲನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದರು.

"ಅಮ್ಮ ಹೋದಾಗ ಎರಡು ಕಡೇನೂ ಒಲೆ ಹಚ್ಚಿರಲಿಲ್ಲ," ಎಂದರು ಗಟ್ಟಯ್ಯ, ನನಗೆ. "ಅನ್ನ ತಂದವಳು ಇವಳು. ಆಗಲೂ ಗೋಡೆ ಇತ್ತು. ಎರಡು ಬೋಗುಣಿ ತಂದಳು. ಅವನಿಗೊಂದು, ನನಗೊಂದು. ಯಾರೂ ಯಾರನ್ನೂ ಕೇಳೋ ಹಂಗೆ ಇಡಲಿಲ್ಲ." ಕೈ ಒರೆಸಿಕೊಂಡರು. "ನನ್ನದು ಆಯ್ತು ಅಂತ ಬರ್ಕೊಳ್ಳಿ. ಅವನನ್ನ ಕೇಳೋದು ಮಾತ್ರ ನನ್ನಿಂದ ಆಗಲ್ಲ."

ಕೇಳುವ ಅಗತ್ಯ ಬರಲಿಲ್ಲ. ಗೋಡೆಯ ಆಚೆ ಐಲಯ್ಯ ಎಷ್ಟು ಹೊತ್ತಿನಿಂದ ನಿಂತಿದ್ದರೋ, ತಲೆ ಈಗ ಕಂಡಿತು. ತಮ್ಮನಿಗಿಂತ ಆರು ವರ್ಷ ದೊಡ್ಡವರು, ಮೊಣಕಾಲು ನೋವು, ಕೈಯಲ್ಲಿ ಕೋಲು.

"ಮೇಡಂ, ಆ ಪಕ್ಕದವನಿಗೆ ಹೇಳಿ. ಅನ್ನ ತಿಂದವನು ಅವನೊಬ್ಬನೇ ಅಲ್ಲ."

ಗಟ್ಟಯ್ಯ ಬೀದಿಯ ಕಡೆ ನೋಡುತ್ತ, "ಮೇಡಂ, ಕದ್ದು ಕೇಳೋರಿಗೆ ಹೇಳಿ, ಕೇಳಿದ್ದು ಪೂರ್ತಿ ಕೇಳಿಸ್ಕೊಳ್ಳಿ ಅಂತ," ಎಂದರು.

ಅಲ್ಲಿಂದ ಮುಂದೆ ಒಂದೂ ಕಾಲು ಗಂಟೆ ಹೀಗೇ ನಡೆಯಿತು. ಇಬ್ಬರ ನಡುವೆ ಇದ್ದದ್ದು ನಾಲ್ಕು ಅಡಿ. ಮಾತೆಲ್ಲ ನನ್ನ ಮೂಲಕ.

ಐಲಯ್ಯನ ತಕರಾರು ಚಿಕಿತ್ಸೆಯ ಮಿತಿಯದ್ದಲ್ಲ. "ನಾಳೆ ಸರ್ಕಾರದ ಕಾಗದದಲ್ಲಿ ನಾನು ಯಜಮಾನ, ಅವನು ನನ್ನ ಮನೆಯವನು ಅಂತ ಇರುತ್ತೆ. ನಾಡಿದ್ದು ಅವನ ಮಕ್ಕಳು ಅದನ್ನ ತಗೊಂಡು ಕೋರ್ಟಿಗೆ ಹೋಗ್ತಾರೆ. ಪಾಲೇ ಆಗಿಲ್ಲ, ಒಟ್ಟಿಗೇ ಇದ್ವಿ ಅಂತಾರೆ. ಹಿತ್ತಲ ಬಾವಿ ಕೇಳ್ತಾರೆ."

"ಬತ್ತಿದ ಬಾವಿ ಯಾರಿಗೆ ಬೇಕಂತೆ, ಕೇಳಿ ಮೇಡಂ."

"ಬತ್ತಿದ್ರೂ ಬಾವಿ ಬಾವೀನೇ ಅಂತ ಹೇಳಿ."

"ಇದು ಆರೋಗ್ಯ ಕಾರ್ಡು ಐಲಯ್ಯನವರೇ. ಆಸ್ತಿಗೂ ಇದಕ್ಕೂ ಸಂಬಂಧ ಇಲ್ಲ," ಎಂದೆ.

"ಸಂಬಂಧ ಇಲ್ಲ ಅಂತ ಇವತ್ತು ಹೇಳ್ತೀರಿ. ಗೆರೆಗೂ ಮನೆಗೂ ಸಂಬಂಧ ಇಲ್ಲ ಅಂತಾನೂ ಯಾರೋ ಅಂದ್ಕೊಂಡಿರಬೇಕಲ್ಲ, ಅದಕ್ಕೇ ತೆಗೆದರು."

ಕೊಮುರಮ್ಮ ಅಷ್ಟು ಹೊತ್ತು ಗಟ್ಟಯ್ಯನ ಜಗಲಿಯಲ್ಲಿದ್ದರು. ಈಗ ಎದ್ದರು. ಬೀದಿಗೆ ಇಳಿದು, ಗೋಡೆಯನ್ನು ಸುತ್ತಿ, ಐಲಯ್ಯನ ಕಡೆಯ ಮೆಟ್ಟಿಲ ಮೇಲೆ ಕೂತರು. ಒಟ್ಟು ಹನ್ನೆರಡು ಹೆಜ್ಜೆ. ಓದೆಲು ಹಿಡಿಯಲು ಹೋದರೆ ಕೈ ಅಡ್ಡ ಮಾಡಿದರು. ಕೂತ ಮೇಲೆ ಬಾಯಿ ತೆರೆದು ಉಸಿರಾಡುತ್ತಿದ್ದರು. ತುಟಿ ನೀಲಿಯಾಗಿತ್ತು. ನಾವೆಲ್ಲ ಕಾದೆವು. ಐಲಯ್ಯ ಒಳಗೆ ಹೋಗಿ ಒಂದು ಚೊಂಬು ನೀರು ತಂದಿಟ್ಟರು.

"ಐಲಯ್ಯಾ," ಎಂದರು ಕೊಮುರಮ್ಮ ಕೊನೆಗೆ. "ನಾನು ಸತ್ತರೆ ಬರ್ತೀಯಲ್ಲ?"

"ಆ ಮಾತ್ಯಾಕೆ ಚಿನ್ನಮ್ಮ."

"ಬರ್ತೀಯ. ಅವನೂ ಬರ್ತಾನೆ. ಇಬ್ಬರೂ ಒಂದೇ ಕಡೆ ಕೂರಬೇಕಾಗುತ್ತೆ. ನಮ್ಮನೇಲಿ ಗೋಡೆ ಇಲ್ಲ."

ಓದೆಲು ಮುಖ ತಿರುಗಿಸಿದರು. ಐಲಯ್ಯ ಕೋಲಿನ ತುದಿಯಿಂದ ನೆಲ ಕೆದಕಿದರು.

"ಕಾಗದ ಬರೆಯಿರಿ," ಎಂದರು ನನಗೆ. "ಬಿಳಿ ಕಾಗದ. ಪಾಲು ಪಾಲೇ, ಗೋಡೆ ಗೋಡೆಯೇ ಅಂತ. ಅವನ ಸಹಿ ಬೇಕು."

ಬಿಳಿ ಕಾಗದದ ಕರಾರು ಕೋರ್ಟಿನಲ್ಲಿ ನಿಲ್ಲುತ್ತದೋ ಇಲ್ಲವೋ, ನಮ್ಮಲ್ಲಿ ಅರ್ಧ ಜಮೀನು ಕೈಬದಲಾದದ್ದು ಅದರ ಮೇಲೆಯೇ. ಮಡಿಲಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು ಅದರ ಮುಚ್ಚಳದ ಮೇಲೆ ಬರೆದೆ. 'ಆರನೇ ವಾರ್ಡಿನ ಮನೆ ಸಂಖ್ಯೆ 6-1-13/1ರ ಐಲಯ್ಯನವರೂ 6-1-13/2ರ ಗಟ್ಟಯ್ಯನವರೂ ಒಪ್ಪಿ ಬರೆಸಿದ್ದೇನೆಂದರೆ, ಆರೋಗ್ಯ ಕಾರ್ಡಿನ ಸಲುವಾಗಿ ಮಾತ್ರ ಒಂದೇ ಕುಟುಂಬವೆಂದು ನಮೂದಾಗುತ್ತಿದ್ದು, ಇದರಿಂದ ಮೊದಲು ಆದ ಪಾಲಿಗೆ, ನಡುವಿನ ಗೋಡೆಗೆ, ಹಿತ್ತಲಿನ ಬಾವಿಗೆ ಯಾವ ಬಾಧೆಯೂ ಇಲ್ಲ.' ಗೆರೆಗಳೆಲ್ಲ ಬರೆದ ಹಾಗೆಯೇ ಬಂದವು. ಕಾಗದ ಯಾವುದನ್ನೂ ತಡೆಯಲಿಲ್ಲ.

"ಬಾವಿ ಅಂದಕಡೆ 'ಬತ್ತಿದ' ಅಂತ ಸೇರಿಸೋಕೆ ಹೇಳಿ," ಎಂದರು ಗಟ್ಟಯ್ಯ.

ಸೇರಿಸಿ, ಒಪ್ಪಿಗೆಯ ಸಂಖ್ಯೆ ತರಿಸಿದೆ. ಆ ಪದದ ಮೇಲೆ ಹದಿನೈದು ನಿಮಿಷ ವಾದವಾಯಿತು. ಅಷ್ಟರಲ್ಲಿ ಇಬ್ಬರ ಫೋನಿಗೂ ಬಂದಿದ್ದ ಆರಂಕಿಯ ಸಂಖ್ಯೆಯ ಅವಧಿ ಮುಗಿದಿತ್ತು. ಅದು ಹತ್ತು ನಿಮಿಷ ಮಾತ್ರ ಇರುತ್ತದೆ. 'ಬತ್ತಿದ' ಎಂಬುದನ್ನು ಹೊಡೆದುಹಾಕಿದೆ. ಗಟ್ಟಯ್ಯ ಸಹಿ ಮಾಡಿದರು, ಐಲಯ್ಯ ಹೆಬ್ಬೆಟ್ಟು ಒತ್ತಿದರು, ಓದೆಲು ಸಾಕ್ಷಿ ಹಾಕಿದರು. ಕಾಗದವನ್ನು ಐಲಯ್ಯ ಮಡಿಸಿ ಬನಿಯನ್ನಿನ ಒಳಗೆ ಇಟ್ಟುಕೊಂಡರು.

ಎರಡನೇ ಸಲ ಸಂಖ್ಯೆ ತರಿಸಿದೆ. ಗಟ್ಟಯ್ಯ ತಮ್ಮದನ್ನು ಓದಿದರು. ಐಲಯ್ಯನಿಗೆ ಕನ್ನಡಕವಿಲ್ಲದೆ ಫೋನು ಕಾಣುವುದಿಲ್ಲ, ಕನ್ನಡಕ ಒಳಗಿತ್ತು, ಮೊಣಕಾಲಿಗೆ ಇನ್ನೊಮ್ಮೆ ಒಳಗೆ ಹೋಗಿ ಬರುವ ಮನಸ್ಸಿರಲಿಲ್ಲ. ಫೋನನ್ನು ಗೋಡೆಯ ಮೇಲೆ ಇಟ್ಟರು. ಗಟ್ಟಯ್ಯ ಅದನ್ನು ಮುಟ್ಟದೆ, ಬಗ್ಗಿ, ಒಂದೊಂದೇ ಅಂಕಿ ನನಗೆ ಓದಿ ಹೇಳಿದರು. ಒಂದೂ ನಲವತ್ತೈದಕ್ಕೆ ಪರದೆ ಒಪ್ಪಿಕೊಂಡಿತು.

"ಆಯ್ತಾ?" ಕೊಮುರಮ್ಮ ಕೇಳಿದರು.

"ಇವರದ್ದು ಆಯ್ತು. ನಿಮ್ಮದು ನಾಳೆ ಬೆಳಿಗ್ಗೆ."

ವಾಪಸ್ ಬರುವಾಗ ಆಟೋದ ಪಕ್ಕ ನಿಂತು ಓದೆಲುಗೆ ಪತ್ರದ ವಿಷಯ ಹೇಳಿದೆ. ಅಂಕಿ ಬಿಟ್ಟು ಬೇರೆ ಬೇಡ ಎಂದು ಬರೆದವಳು ನಾನೇ ಎಂದೆ.

"ಮಗ್ಗದಲ್ಲಿ ಒಂದು ಎಳೆ ತಪ್ಪಿದ್ರೆ ಅಲ್ಲೇ ಗೊತ್ತಾಗಲ್ಲ ಬಿಡ್ಡಾ," ಎಂದರು. "ಒಂದು ಗಜ ನೇಯ್ದ ಮೇಲೆ ಗೊತ್ತಾಗುತ್ತೆ."

"ಆಮೇಲೆ ಏನ್ ಮಾಡ್ತಿದ್ರಿ?"

"ಏನ್ ಮಾಡೋದು. ಬಿಚ್ತಿದ್ವಿ. ಹೊತ್ತಿಲ್ಲದಿದ್ರೆ ಹಂಗೇ ಮಾರ್ತಿದ್ವಿ."

ಬುಧವಾರ ಒಂಬತ್ತೂ ಕಾಲಿಗೆ 61132 ಎಂದು ಹೊಡೆದೆ. ಜಾಗ ಖಾಲಿ ಇತ್ತು. ಓದೆಲು, ಕೊಮುರಮ್ಮ ಇಬ್ಬರ ಬೆರಳಚ್ಚು ತೆಗೆದೆ. ಕೊಮುರಮ್ಮನ ಬೆರಳು ತಣ್ಣಗಿದ್ದು ಯಂತ್ರ ನಾಲ್ಕನೇ ಸಲಕ್ಕೆ ಹಿಡಿಯಿತು. ಕಾರ್ಡಿನ ಸಂಖ್ಯೆ ಬಂದದ್ದು ಸಂಜೆ ನಾಲ್ಕು ಹತ್ತಕ್ಕೆ. ಅದನ್ನು ಫೋನಿನಲ್ಲಿ ಕಳಿಸಿ, ನಂಬಿಕೆ ಸಾಲದೆ, ಅಚ್ಚು ತೆಗೆದ ಹಾಳೆ ಹಿಡಿದು ಸ್ಕೂಟರಿನಲ್ಲಿ ಹನುಮಕೊಂಡಕ್ಕೆ ಹೋದೆ. ಕೌಂಟರಿನವನು ಗಡಿಯಾರ ನೋಡಿ, "ಇನ್ನೂ ಹದಿನೆಂಟು ನಿಮಿಷ ಇತ್ತಲ್ಲ ಮೇಡಂ, ಓಡಿಬಂದಿದ್ಯಾಕೆ?" ಎಂದ.

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಕೊಮುರಮ್ಮನನ್ನು ಒಳಗೆ ಕರೆದೊಯ್ದರು. ಹೊರಗಿನ ಸಾಲು ಕುರ್ಚಿಗಳಲ್ಲಿ ಓದೆಲು ನಡುವೆ, ಐಲಯ್ಯ ಒಂದು ತುದಿಗೆ, ಗಟ್ಟಯ್ಯ ಇನ್ನೊಂದು ತುದಿಗೆ ಕೂತಿದ್ದರಂತೆ. ಕವಾಟ ಬದಲಾಯಿಸಿದರು. ಹನ್ನೆರಡನೇ ದಿನ ಕೊಮುರಮ್ಮ ಮನೆಗೆ ಬಂದರು.

ನಾನು ಇನ್ನೊಂದು ಪತ್ರ ಬರೆದೆ. ಮನೆ ಸಂಖ್ಯೆಯ ಜಾಗದಲ್ಲಿ ಅಡ್ಡಗೆರೆ, ಓರೆಗೆರೆ ಎರಡನ್ನೂ ಒಪ್ಪಿಕೊಳ್ಳುವಂತೆ ಮಾಡಬೇಕೆಂದು, ಎರಡೂ ಮನೆಗಳ ಉದಾಹರಣೆ ಕೊಟ್ಟು ಬರೆದೆ. ಹನ್ನೆರಡು ಕೇಂದ್ರದವರಲ್ಲಿ ನಾಲ್ವರು ಸಹಿ ಹಾಕಿದರು. ಉಳಿದವರು, ಮತ್ತೆ ಹುಣಸೆಮರ ಬರುತ್ತೆ, ಬೇಡ ಅಂದರು. ಹಳೆಯದು ಹದಿನೈದು ದಿನದಲ್ಲಿ ಕೆಲಸ ಮಾಡಿತ್ತು, ಇದಕ್ಕೆ ನಾಲ್ಕೂವರೆ ತಿಂಗಳು ಹಿಡಿಯಿತು. ಆಗಸ್ಟ್ ಒಂದರಿಂದ ಅಡ್ಡಗೆರೆ ಬೀಳತೊಡಗಿತು. ಹಳೇ ಕಾರ್ಡುಗಳಲ್ಲಿಯೂ ರಸೀದಿ ನೋಡಿ ಸರಿಪಡಿಸಿದರು. ಓದೆಲು ಅವರ ಕಾರ್ಡಿನಲ್ಲಿ ಈಗ 6-1-132 ಎಂದೇ ಇದೆ. ಓರೆಗೆರೆ ಮಾತ್ರ ಬೀಳಲಿಲ್ಲ, ಯಾಕೆಂದು ಭೂಪತಿಯವರನ್ನು ಕೇಳಿದೆ. ಆ ಚಿಹ್ನೆಯಿಂದ ವ್ಯವಸ್ಥೆಗೆ ಅಪಾಯ ಅಂತ ಭದ್ರತಾ ತಪಾಸಣೆಯವರು ಬರೆದಿದ್ದಾರೆ, ಎಂದರು.

ಸೆಪ್ಟೆಂಬರ್ ಹದಿನೆಂಟು, ಗುರುವಾರ, ಗಟ್ಟಯ್ಯ ಕೇಂದ್ರಕ್ಕೆ ಬಂದರು. ಆರು ತಿಂಗಳು ಮುಗಿದಿತ್ತು. ಐಲಯ್ಯನ ಎರಡೂ ಮೊಣಕಾಲಿನ ಆಪರೇಷನ್ನಿಗೆ ಆ ವರ್ಷದ ಮಿತಿ ಬಹುಪಾಲು ಮುಗಿದುಹೋಗಿತ್ತು, ಗಟ್ಟಯ್ಯನ ಕೆಮ್ಮಿಗೆ ಡಾಕ್ಟರು ಸ್ಕ್ಯಾನ್ ಬರೆದಿದ್ದರು.

"ಬೇರೆ ಕಾರ್ಡ್ ಮಾಡಿಕೊಡಿ ಮೇಡಂ. ಆ ಪಕ್ಕದವನೂ ಒಪ್ಪವನೆ."

ನಾನು 6-1-13 ಎಂದು ಹೊಡೆದೆ. ಓರೆಗೆರೆಯ ಕೀಲಿ ಒತ್ತಿದೆ. ಕಡ್ಡಿ ನಿಂತಲ್ಲೇ ಮಿಣುಕುತ್ತಿತ್ತು. ಎರಡು ಎಂದು ಹೊಡೆದೆ.

ಈ ಮನೆ ಸಂಖ್ಯೆಗೆ ಈಗಾಗಲೇ ಕಾರ್ಡ್ ಇದೆ.

ಗಟ್ಟಯ್ಯ ನನ್ನ ಮುಖ ನೋಡಿದರು. "ನೀವು ಅವತ್ತೇ ಹೇಳಿದ್ರಿ," ಎಂದರು. ಅವರ ಅರ್ಜಿಯನ್ನು ಭೂಪತಿಯವರ ಪಟ್ಟಿಗೆ ಸೇರಿಸಿದೆ. ಅದರ ಸಂಖ್ಯೆ ನಾನೂರ ಹನ್ನೆರಡು.